ಅಂಗಡಿಗೆ ಕಳಿಸಿದರೆ ಲೆಕ್ಕ ಬಂದೀತೆ?

ಮಗುವಿಗೆ ಗಣಿತ ತಲೆಗೆ ಹತ್ತುತ್ತಿಲ್ಲ ಎಂದು ತಾಯಿ ಅಲವತ್ತುಕೊಂಡರೆ ಅಕ್ಕಪಕ್ಕದವರು ಕೊಡುವ ಸಲಹೆ ಒಂದೇ: ‘ದಿನಾ ಅಂಗಡಿಗೆ ಕಳಿಸ್ರೀ, ಲೆಕ್ಕ ತಾನಾಗೇ ಬರುತ್ತೆ.’ ಅಂಗಡಿಗೆ ಕಳಿಸುವುದು ಒಳ್ಳೆಯದೇ. ತಾನಾಗೇ ಬರುತ್ತದೆ ಎನ್ನುವುದು ಮಾತ್ರ ಪೂರ್ತಿ ನಿಜವಲ್ಲ.

‘ವ್ಯವಹಾರ ಬಂದರೆ ಗಣಿತ ಬಂದಂತೆ’

ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಬಳಿ ಟೆರೆಜಿನ್ಯಾ ನೂನೆಸ್, ಡೇವಿಡ್ ಕ್ಯಾರಹರ್, ಅನಾಲೂಸಿಯಾ ಶ್ಲೀಮನ್ ಎಂಬ ಸಂಶೋಧಕರು ಗಿರಾಕಿಗಳಾಗಿ ಹೋದರು. 1985ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತೆಂಗಿನಕಾಯಿ ಮಾರುವ 12 ವರ್ಷದ ಹುಡುಗನೊಬ್ಬ ಬರುತ್ತಾನೆ. ಕಾಯಿಗೆ 35, ನಾಲ್ಕಕ್ಕೆ ಎಷ್ಟು? ಮೂರಕ್ಕೆ 105, ಅದಕ್ಕೆ 30 ಸೇರಿಸಿದರೆ 135, ಇನ್ನೈದು ಸೇರಿ 140 ಎಂದು ಬಾಯಲ್ಲೇ ಹೇಳಿದ. ಆಮೇಲೊಮ್ಮೆ ಅವನ ಕೈಗೆ ಕಾಗದ ಪೆನ್ಸಿಲ್ ಕೊಟ್ಟು 35ನ್ನು 4ರಿಂದ ಗುಣಿಸು ಎಂದರು. ನಾಲ್ಕೈದಲ ಇಪ್ಪತ್ತು, ದಶಕ ಎರಡು. ಎರಡೂ ಮೂರೂ ಐದು, ಐದನಾಲ್ಕಲ ಇಪ್ಪತ್ತು. ಉತ್ತರ 200! ಗುಣಿಸಿದ ಮೇಲೆ ಕೂಡಬೇಕಿದ್ದ ದಶಕವನ್ನು ಮೊದಲೇ ಕೂಡಿಬಿಟ್ಟಿದ್ದ. ಬೀದಿಯಲ್ಲಿ ಯಾರಾದರೂ ನಾಲ್ಕು ಕಾಯಿಗೆ 200 ಹೇಳಿದ್ದರೆ ಅವನೇ ನಗುತ್ತಿದ್ದ. ಆ ಮಕ್ಕಳಿಗೆ ವ್ಯಾಪಾರದ ನಡುವೆ ಕೇಳಿದ ಪ್ರಶ್ನೆಗಳಲ್ಲಿ ಶೇ. 98ಕ್ಕೆ ಸರಿ ಉತ್ತರ ಸಿಕ್ಕಿತು. ಬರೀ ಅಂಕಿಗಳಾಗಿ ಕೊಟ್ಟ ಲೆಕ್ಕಗಳಲ್ಲಿ ಸರಿಯಾದದ್ದು ಶೇ. 37ರಷ್ಟು.

ಅದು ಹಳೆಯ ಕಥೆ, ದೂರದ ಊರು ಎನ್ನುವಂತಿಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಸಂತೆಗಳಲ್ಲಿ ದುಡಿಯುವ 1,436 ಮಕ್ಕಳನ್ನು ಪರೀಕ್ಷಿಸಿ ಕಂಡದ್ದನ್ನು 2025ರಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿತು. ಕಿಲೋಗೆ 20 ರೂಪಾಯಿಯ ಆಲೂಗಡ್ಡೆ 800 ಗ್ರಾಂ, 15 ರೂಪಾಯಿಯ ಈರುಳ್ಳಿ 1.4 ಕಿಲೋ ತೆಗೆದುಕೊಂಡು 200ರ ನೋಟು ಕೊಟ್ಟರೆ ಚಿಲ್ಲರೆ ಎಷ್ಟು? ಇಂಥದ್ದನ್ನು ಅವರಲ್ಲಿ ಬಹುಪಾಲು ಮಕ್ಕಳು ಮನಸ್ಸಿನಲ್ಲೇ ಬಿಡಿಸಿ 163 ಎನ್ನುವಂಥವರು. ಶಾಲೆಯ ಭಾಗಾಕಾರ ಕೊಟ್ಟರೆ ಅವರಲ್ಲಿ ಹೆಚ್ಚಿನವರು ಸೋತರು. ಆದರೆ ಸಂತೆಗೆ ಹೋಗದೆ ಶಾಲೆಗಷ್ಟೇ ಹೋಗುವ ಮಕ್ಕಳ ಪಾಡೂ ನೆಟ್ಟಗಿರಲಿಲ್ಲ. ಪುಸ್ತಕದ ಲೆಕ್ಕ ಮಾಡುತ್ತಿದ್ದ ಅವರಿಗೆ ಸಂತೆಯ ಲೆಕ್ಕ ಕೈಕೊಟ್ಟಿತು. ಹೊಳೆಯ ಎರಡೂ ದಡದಲ್ಲಿ ಮಕ್ಕಳಿದ್ದಾರೆ, ಸೇತುವೆ ಕಟ್ಟುವವರಿಲ್ಲ.

ಕಟ್ಟುವುದು ಕಷ್ಟದ ಕೆಲಸವೇನಲ್ಲ, ಪುರುಸೊತ್ತು ಬೇಕು ಅಷ್ಟೆ. ಅಂಗಡಿಯಿಂದ ಬಂದ ಮಗಳನ್ನು ‘ಎಷ್ಟಾಯ್ತು?’ ಎಂದು ಕೇಳಿ ಸುಮ್ಮನಾಗದೆ ‘ಹೇಗೆ ಲೆಕ್ಕ ಹಾಕಿದೆ ಪುಟ್ಟಿ?’ ಎಂದು ಕೇಳಬೇಕು. ಅವಳು ಬಾಯಲ್ಲಿ ಹೇಳಿದ್ದನ್ನೇ ಹಾಲಿನ ಕ್ಯಾಲೆಂಡರ್ ಹಿಂದೆ ಬರೆಯಿಸಬೇಕು. ಉದಾಹರಣೆಗೆ, 35ನ್ನು 30 ಮತ್ತು 5 ಎಂದು ಒಡೆದು ಬೇರೆಬೇರೆ ಗುಣಿಸಿದ್ದೂ, ಮೇಷ್ಟ್ರು ಹೇಳಿಕೊಟ್ಟ ದಶಕದ ವಿಧಾನವೂ ಒಂದೇ ಎಂದು ಅವಳಿಗೆ ಕಾಣುವುದು ಆಗ.

‘ಮಕ್ಕಳ ಸಂತೆ ಮಾಡಿದೆವಲ್ಲ’

ನಮ್ಮ ಶಾಲೆಗಳಲ್ಲಿ ಮೆಟ್ರಿಕ್ ಮೇಳ, ಮಕ್ಕಳ ಸಂತೆ ಈಗ ರೂಢಿಯಾಗಿವೆ. ಸೊಪ್ಪು, ಚುರುಮುರಿ, ಮಜ್ಜಿಗೆ, ಫೋಟೊ, ಅತಿಥಿಗಳ ಭಾಷಣ ಎಲ್ಲ ಇರುತ್ತದೆ. ಮಾರನೆಯ ದಿನ ಮಾತ್ರ ಯಥಾಪ್ರಕಾರ ಪಾಠ, ಸಂತೆಯ ಸುದ್ದಿಯೇ ಇಲ್ಲ. ನನ್ನ ಪ್ರಕಾರ ಗಣಿತ ಇರುವುದು ಆ ಮಾರನೆಯ ದಿನದಲ್ಲಿ. ಒಬ್ಬ ಹುಡುಗ ಕಟ್ಟಿಗೆ 5 ರೂಪಾಯಿಯಂತೆ 20 ಕಟ್ಟು ಕೊತ್ತಂಬರಿ ತಂದ ಎನ್ನಿ. ಹತ್ತರಂತೆ ಮಾರಿದೆ, ಕಟ್ಟಿಗೆ ಐದು ಲಾಭ ಎನ್ನುತ್ತಾನೆ. ವಿಚಾರಿಸಿದರೆ ಹತ್ತಕ್ಕೆ ಹೋದದ್ದು 14 ಕಟ್ಟು. ಬಾಡಿದ 6 ಕಟ್ಟನ್ನು ಕೊನೆಗೆ ಎರಡೆರಡು ರೂಪಾಯಿಗೆ ಕೊಟ್ಟಿದ್ದಾನೆ. ಬಂದದ್ದು 152, ಅಸಲು 100, ಸೊಪ್ಪು ತರಲು ಆಟೋಗೆ ಕೊಟ್ಟದ್ದು 20. ಉಳಿದ 32 ರೂಪಾಯಿಯನ್ನು ಇಪ್ಪತ್ತು ಕಟ್ಟಿಗೆ ಹಂಚಿದರೆ ಕಟ್ಟಿಗೆ ಸಿಕ್ಕಿದ್ದು 1 ರೂಪಾಯಿ 60 ಪೈಸೆ. ಸರಾಸರಿ ಎಂದರೇನು ಎಂದು ಆ ಹುಡುಗನಿಗೆ ಇನ್ನು ಪುಸ್ತಕ ಹೇಳಬೇಕಾಗಿಲ್ಲ. ಅಪ್ಪ ಬೆಳೆದ ಟೊಮೆಟೊ ಬೆಲೆಯ ಬಗ್ಗೆಯೂ ಅವನು ಯೋಚಿಸಿಯಾನು.

ಹಬ್ಬದ ರಿಯಾಯಿತಿಗೂ ಇದೇ ಮಾತು. ‘ಶೇ. 50 + ಶೇ. 20’ ಎಂಬ ಬೋರ್ಡ್ ಕಂಡು 70 ಎಂದುಕೊಳ್ಳುವವರಲ್ಲಿ ದೊಡ್ಡವರೇ ಹೆಚ್ಚು. ಸಾವಿರದ ಬಟ್ಟೆ ಮೊದಲು 500ಕ್ಕೆ ಇಳಿಯುತ್ತದೆ, ಆ 500ರ ಶೇ. 20 ಕಳೆದು 400. ಒಟ್ಟು ರಿಯಾಯಿತಿ ಶೇ. 60.

‘ದಿನನಿತ್ಯದ ಗಣಿತ ಎಂದರೆ ದುಡ್ಡಿನ ಲೆಕ್ಕ’

12ನೇ ಶತಮಾನದ ಗಣಿತಜ್ಞ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ, ಅಷ್ಟಕ್ಕೇ ನಿಲ್ಲದೆ ಆಕಾರ, ಅಳತೆಗಳ ‘ಕ್ಷೇತ್ರಗಣಿತ’ವನ್ನೂ ಬರೆದ. ದುಡ್ಡಿಗಿಂತ ಆಚೆಗಿನದ್ದು ನಮ್ಮ ಹೊಸ್ತಿಲಲ್ಲೇ ಇದೆ. ರಂಗೋಲಿಯಲ್ಲಿ ಏಳರಿಂದ ಒಂದಕ್ಕೆ ಇಳಿಯುವ ಸಂದು ಚುಕ್ಕಿ ಇಡಿ: ನಡುವಿನ ಸಾಲಿನಲ್ಲಿ 7, ಮೇಲೂ ಕೆಳಗೂ 6, 5, 4 ಎಂದು ಕಡಿಮೆಯಾಗುತ್ತ ಕೊನೆಗೆ ಒಂದು. ಒಟ್ಟು ಎಷ್ಟು ಚುಕ್ಕಿ? ಒಂದೊಂದೇ ಎಣಿಸಿದರೆ 49. ಈಗ ಮಗುವನ್ನು ಓರೆಯಾಗಿ ನೋಡು ಎನ್ನಿ. ಓರೆ ಸಾಲು ಪ್ರತಿಯೊಂದರಲ್ಲೂ ಏಳು ಚುಕ್ಕಿ, ಅಂಥ ಸಾಲು ಏಳು. ಹಾಗಾದರೆ ಒಂದರಿಂದ ಹದಿನೈದರವರೆಗೆ ಏರಿ ಇಳಿದರೆ? ಚುಕ್ಕಿ ಇಡದೆಯೇ 225 ಎನ್ನುವ ಮಗು ನಿಯಮವೊಂದನ್ನು ಕಂಡುಹಿಡಿದಿದೆ. ಏಳರಿಂದ ನಾಲ್ಕಕ್ಕೇ ನಿಲ್ಲಿಸಿದರೆ ಎರಡೂ ತುದಿಯಲ್ಲಿ ಆರಾರು ಚುಕ್ಕಿ ಹೋಗಿ 37. ಇದು ಬರೀ ಹೆಣ್ಣುಮಕ್ಕಳ ಹವ್ಯಾಸ ಎನ್ನುವವರು ಕೇಳಬೇಕು: 1970ರ ದಶಕದಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಸಂಗಡಿಗರು ತಮಿಳುನಾಡಿನ ರಂಗೋಲಿಯಾದ ಕೋಲಂಗಳನ್ನಿಟ್ಟುಕೊಂಡು ಕಂಪ್ಯೂಟರ್ ವಿಜ್ಞಾನದ ಪ್ರಬಂಧಗಳನ್ನೇ ಬರೆದರು.

ಅಡುಗೆಮನೆಯಲ್ಲಿ ಎರಡು ಪಾವು ಒಂದು ಅಚ್ಚೇರು, ಎರಡು ಅಚ್ಚೇರು ಒಂದು ಸೇರು. ಕಾಲು, ಅರ್ಧಗಳು ಡಬ್ಬದಲ್ಲೇ ಕೂತಿವೆ. ಆದರೆ ನಾನು ಮಕ್ಕಳಿಗೆ ಕೇಳುವ ಪ್ರಶ್ನೆ ಬೇರೆ. ಒಂದು ಪಾವು ಅಕ್ಕಿ 20 ನಿಮಿಷದಲ್ಲಿ ಬೆಂದರೆ ನಾಲ್ಕು ಪಾವಿಗೆ 80 ನಿಮಿಷ ಬೇಕೆ? ಯಾವುದು ಅನುಪಾತದಲ್ಲಿ ಬೆಳೆಯುತ್ತದೆ ಎಂಬುದರಷ್ಟೇ ಯಾವುದು ಬೆಳೆಯುವುದಿಲ್ಲ ಎಂಬುದೂ ಗೊತ್ತಾಗಬೇಕು.

‘ಪ್ರಕೃತಿಯಲ್ಲಿ ಎಲ್ಲೆಲ್ಲೂ ಸುವರ್ಣ ಅನುಪಾತ’

ವಾಟ್ಸ್ಆ್ಯಪ್‌ನಲ್ಲೂ ಶಾಲೆಯ ಗೋಡೆಯ ಚಾರ್ಟ್‌ಗಳಲ್ಲೂ ಇದರ ಹಾವಳಿ. ನಾಟಿಲಸ್ ಚಿಪ್ಪಿನ ಸುರುಳಿ ಸುವರ್ಣ ಸುರುಳಿ ಎನ್ನುತ್ತಾರೆ, ಅಲ್ಲ. ಸುವರ್ಣ ಸುರುಳಿ ಒಂದು ಪೂರ್ತಿ ಸುತ್ತಿಗೆ ಸುಮಾರು 6.85 ಪಟ್ಟು ಹಿಗ್ಗಬೇಕು. ನಾಟಿಲಸ್ ಹಿಗ್ಗುವುದು ಸುಮಾರು ಮೂರು ಪಟ್ಟು. ಹೂವಿನ ಎಸಳೆಲ್ಲ ಅದರದೇ ನೆಂಟನಾದ ಫಿಬೊನಾಚಿ ಸಂಖ್ಯೆ (3, 5, 8, 13 ಎಂದು ಹಿಂದಿನೆರಡು ಕೂಡಿ ಮುಂದಿನದು) ಎನ್ನುತ್ತಾರೆ. ದಾಸವಾಳಕ್ಕೆ ಐದು ನಿಜ, ಬೇಲಿಯಲ್ಲಿ ಅರಳಿದ ಕೇಪಳಕ್ಕೆ ನಾಲ್ಕು. ಹಾಗೆಂದು ಎಲ್ಲವೂ ಸುಳ್ಳಲ್ಲ: ಮಲೆನಾಡಿನ ಅನಾನಸ್ ಒಂದನ್ನು ತಂದು ಅದರ ಕಣ್ಣುಗಳ ಸಾಲಿಗೆ ಬಣ್ಣ ಹಚ್ಚಿ ಎಣಿಸಿದರೆ ಒಂದು ದಿಕ್ಕಿಗೆ 8, ಇನ್ನೊಂದು ದಿಕ್ಕಿಗೆ 13 ಸುರುಳಿ ಸಿಗುವುದೇ ಹೆಚ್ಚು. ಚಾರ್ಟ್ ನಂಬಬೇಡ, ಎಣಿಸಿ ನೋಡು ಎಂದರೆ ಸಾಕು.

‘ಬೆರಳು ಮಡಿಸಿ ಎಣಿಸುವ ಮಗು ದಡ್ಡ’

ಅಲ್ಲ. ಚಿಕ್ಕ ಮಕ್ಕಳಿಗೆ ಬೆರಳು ಮೊದಲ ಮಣಿಚೌಕಟ್ಟು. ಅಜ್ಜಿಯರು ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳಿನ ಗೆಣ್ಣು ಮುಟ್ಟುತ್ತ ಒಂದೇ ಕೈಯಲ್ಲಿ 12 ಎಣಿಸುತ್ತಿದ್ದರು. ಪ್ರತಿ ಹನ್ನೆರಡಕ್ಕೆ ಇನ್ನೊಂದು ಕೈಯ ಒಂದು ಬೆರಳು ಮಡಿಸಿದರೆ 60ರವರೆಗೆ ಎಣಿಕೆ.

‘ಇಷ್ಟು ಹೊತ್ತು ಬಾರ ಬಿದ್ದಿಲ್ಲ, ಈಗ ಬಿದ್ದೇ ಬೀಳುತ್ತೆ’

ಚೌಕಾಬಾರ ಆಡುವ ಮನೆಯಲ್ಲಿ ಇದನ್ನು ಹೇಳದವರಿಲ್ಲ. ಕವಡೆಗೆ ನೆನಪಿಲ್ಲ, ಹಿಂದಿನ ಗರ ಅದಕ್ಕೆ ಗೊತ್ತಿಲ್ಲ. ಕವಡೆಯ ಬದಲು ಒಂದು ಮೈ ತೇಯ್ದ ನಾಲ್ಕು ಹುಣಸೆಬೀಜ ಎರಡೂ ಕಡೆಗೆ ಸಮನಾಗಿ ಬೀಳುತ್ತವೆ ಎಂದುಕೊಂಡರೆ 16 ಸಾಧ್ಯತೆಗಳು. ಅದರಲ್ಲಿ ಎರಡು ಬೀಳುವುದಕ್ಕೆ ಆರು ದಾರಿ, ಒಂದಕ್ಕೆ ನಾಲ್ಕು, ಮೂರಕ್ಕೆ ನಾಲ್ಕು, ನಾಲ್ಕೂ ತೇಯ್ದ ಮೈ ಮೇಲಾಗಿ ಬೀಳುವ ಚೌಕಕ್ಕೆ ಒಂದು, ಒಂದೂ ಮೇಲಾಗದ ಬಾರಕ್ಕೆ ಒಂದು. ಅಪರೂಪಕ್ಕೆ ಬೀಳುವ ಚೌಕ, ಬಾರಗಳಿಗೇ ಮತ್ತೊಂದು ಆಟ ಸಿಗುತ್ತದೆ ನೋಡಿ. ರಜೆಯ ಮಧ್ಯಾಹ್ನ ಮಕ್ಕಳಿಗೆ ಒಂದು ಹಾಳೆ ಕೊಟ್ಟು ನೂರು ಗರಗಳನ್ನು ಗೀಟು ಹಾಕಿ ಬರೆಯಲು ಹೇಳಿ, ಮೊದಲು ಹುಣಸೆಬೀಜದ್ದು, ಆಮೇಲೆ ಕವಡೆಯದ್ದು. ಕವಡೆಯ ಪಟ್ಟಿ ಈ ಲೆಕ್ಕಕ್ಕೆ ಹೊಂದದೇ ಹೋದರೆ ‘ತಪ್ಪು ಬರೆದಿದ್ದೀಯ’ ಎಂದು ಗದರಬೇಡಿ. ಉಬ್ಬಿದ ಬೆನ್ನಿನ ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳಬೇಕೆಂದು ಯಾವ ನಿಯಮವೂ ಇಲ್ಲ.