ಹೆಬ್ಬಾತುಗಳೂ ಹೊಲದ ಪೈರೂ

ನಮ್ಮ ಮೈಸೂರು ಜಿಲ್ಲೆಯ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುವುದುಂಟು. ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳುಳ್ಳ ಈ ಬೂದುಬಣ್ಣದ ಪಕ್ಷಿಗಳು ಮಂಗೋಲಿಯಾ, ತಿಬೆಟ್ಟು ಮೊದಲಾದೆಡೆಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬರತಕ್ಕವು. ಹಂಸಗಳು ಮಳೆಗಾಲದ ಆರಂಭದಲ್ಲಿ ಮಾನಸಕ್ಕೆ ತೆರಳುವುವೆಂದು ಕಾಳಿದಾಸನು ಮೇಘದೂತದಲ್ಲಿ ವರ್ಣಿಸಿರುವನು. ನಮ್ಮ ಹೆಬ್ಬಾತುಗಳು ಅಷ್ಟು ಕಾಯದೆ ಮಾರ್ಚಿ ತಿಂಗಳ ಸುಮಾರಿಗೇ ಹೊರಟುಬಿಡುವುವು.

ಹಗಲು ನೀರಿನಲ್ಲಿ ವಿಶ್ರಮಿಸಿ, ಕತ್ತಲಾದ ಬಳಿಕ ಹೊಲಗಳಿಗೆ ಇಳಿಯುವುದು ಇವುಗಳ ವಾಡಿಕೆ. ಕುಯ್ದ ಗದ್ದೆಯಲ್ಲಿ ಉದುರಿದ ಕಾಳನ್ನು ಆಯ್ದುಕೊಂಡರೆ ಯಾರಿಗೂ ನಷ್ಟವಿಲ್ಲ. ಎಳೆಯ ಪೈರಿಗೆ ಬಾಯಿಟ್ಟರೆ ಮಾತು ಬೇರೆ. ಭತ್ತದ ಸೀಮೆಯಾದ ಕೃಷ್ಣರಾಜನಗರದಲ್ಲಿರುವ ನಾವು ಪೈರಿನ ಬೆಲೆಯನ್ನು ಬಲ್ಲೆವು. ಹಾಲನ್ನೂ ನೀರನ್ನೂ ಬೇರ್ಪಡಿಸುವುದೆಂದು ಹೊಗಳಿಸಿಕೊಂಡ ಹಂಸಕುಲವು ತನ್ನ ಪಾಲನ್ನೂ ರೈತನ ಪಾಲನ್ನೂ ಬೇರ್ಪಡಿಸಲರಿಯದು!

1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಮೇರೆಗೆ ಇವುಗಳ ಬೇಟೆ ನಿಷಿದ್ಧ. ಅದು ಯುಕ್ತವೇ. ಇವು ಬಹುಸಂಖ್ಯೆಯಲ್ಲಿ ತಂಗುವ ಗದಗ ಜಿಲ್ಲೆಯ ಮಾಗಡಿ ಕೆರೆಯು (ಕೆಂಪೇಗೌಡರ ಮಾಗಡಿಯಲ್ಲ) 2024ರಲ್ಲಿ ಜಗತ್ತಿನ ಮುಖ್ಯ ಜಲಭೂಮಿಗಳ ರಾಮ್‌ಸಾರ್ ಪಟ್ಟಿಯನ್ನು ಸೇರಿತು. ಕೀರ್ತಿ ಊರಿಗೆಲ್ಲ; ಮೇವಿನ ಖರ್ಚು ಮಾತ್ರ ಕೆರೆಯಂಚಿನ ಬೇಸಾಯಗಾರನದು.

ಸ್ಕಾಟ್ಲೆಂಡಿನ ಐಲೇ ದ್ವೀಪದಲ್ಲಿ ಹೆಬ್ಬಾತು ಮೇಯುವ ಹುಲ್ಲುಗಾವಲಿನ ರೈತರಿಗೆ 1990ರ ದಶಕದಿಂದಲೂ ಸರಕಾರವು ಹಣ ಕೊಡುತ್ತ ಬಂದಿದೆ. ನಮ್ಮ ಹುಣಸೂರು, ಹೆಗ್ಗಡದೇವನಕೋಟೆಗಳಲ್ಲಿಯೂ ಆನೆ ಬೆಳೆ ತುಳಿದರೆ ಪರಿಹಾರವುಂಟಷ್ಟೆ. ಕೆರೆಯ ಸಮೀಪದ ಕುಯ್ದ ಗದ್ದೆಗಳನ್ನು ಕೆಲವು ವಾರ ಉಳದೆ ಬಿಡತಕ್ಕದ್ದು, ಹಾಗೆ ಬಿಟ್ಟವನಿಗೆ ತಕ್ಕ ಪ್ರತಿಫಲ ಸಲ್ಲತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ. ಹಕ್ಕಿಗಳು ಅಲ್ಲಿ ಮೇದುಕೊಂಡರೆ ಪಕ್ಕದ ಎಳೆಪೈರನ್ನು ಕಾಯುವುದು ಸುಲಭ; ತಮಟೆ ಬಾರಿಸಿ ಅವನ್ನು ಕೆರೆಯಿಂದಲೇ ಓಡಿಸುವ ಪ್ರಮೇಯ ಬಾರದು.