ಕರೆಯದೆ ಬಂದ ನೆಂಟ

ಕೆಲವು ಕಾಯಿಲೆಗಳನ್ನು ಹೇಳಿಕೊಳ್ಳುವುದರಲ್ಲಿ ಒಂದು ಬಗೆಯ ಪ್ರತಿಷ್ಠೆಯೇ ಉಂಟು. ರಕ್ತದೊತ್ತಡದ ಮಾತನ್ನು, ಸಕ್ಕರೆ ಕಾಯಿಲೆಯ ಮಾತನ್ನು ನಾವು ಮದುವೆಯ ಪಂಕ್ತಿಯಲ್ಲಿ ಕುಳಿತೂ ಆಡುತ್ತೇವೆ. ಆದರೆ ನನ್ನ ಗರ್ಭಕಂಠದಲ್ಲಿ ಎಚ್‌ಪಿವಿ ಎಂಬ ವೈರಾಣು ಇದೆಯೆಂದು ತಪಾಸಣೆಯ ಚೀಟಿ ತಿಳಿಸಿದಾಗ, ಅದನ್ನು ಯಾರ ಮುಂದೆ ಹೇಳಬೇಕೆಂಬುದೇ ನನಗೆ ತೋಚಲಿಲ್ಲ. ಭಯಕ್ಕಿಂತ ಮುಂಚೆ ಬಂದುದು ನಾಚಿಕೆ. ಅದರ ಬೆನ್ನಿಗೇ, ಇದು ಯಾರಿಂದ ಬಂತೆಂಬ ಪ್ರಶ್ನೆ.

ಈ ಪ್ರಶ್ನೆಗೆ ವೈದ್ಯರಲ್ಲಿಯೂ ಉತ್ತರವಿಲ್ಲ. ದಾಂಪತ್ಯ ಕಂಡ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಬಾಳಿನಲ್ಲಿ ಒಮ್ಮೆಯಾದರೂ ಈ ವೈರಾಣು ತಗಲುತ್ತದೆ. ಬಂದದ್ದು ತಿಳಿಯದು, ಹೋದದ್ದೂ ತಿಳಿಯದು. ಹೆಚ್ಚಿನವರಲ್ಲಿ 2 ವರ್ಷದೊಳಗೆ ದೇಹವೇ ಅದನ್ನು ಅಡಗಿಸಿಬಿಡುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಆಮೇಲೆ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಹೀಗಿರುವಾಗ ಆ ಚೀಟಿಯನ್ನು ತಕ್ಕಡಿಯಾಗಿ ಹಿಡಿದು ಗಂಡನ ಶೀಲವನ್ನೋ ಹೆಂಡತಿಯ ಶೀಲವನ್ನೋ ತೂಗಹೊರಡುವುದು ಶುದ್ಧ ಅನ್ಯಾಯ. ನಮ್ಮಲ್ಲಿ ತೂಕಕ್ಕೆ ಏರುವವಳು ಸಾಮಾನ್ಯವಾಗಿ ಹೆಂಡತಿಯೇ ಎಂಬುದನ್ನು ಬೇರೆ ಹೇಳಬೇಕೆ?

ಹೋಗದೆ ನಿಂತ ವೈರಾಣುವಿನದೇ ಚಿಂತೆ. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರು 1983ರಲ್ಲಿ ಅದರ 16ನೆಯ ಬಗೆಯನ್ನೂ ಮರುವರ್ಷ 18ನೆಯದನ್ನೂ ಗರ್ಭಕಂಠದ ಕ್ಯಾನ್ಸರಿನಲ್ಲಿ ಪತ್ತೆಮಾಡಿದರು. 2008ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದಿತು. ಆ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು 70 ಈ ಎರಡರಿಂದಲೇ. ಆದರೆ ಸೋಂಕು ಕ್ಯಾನ್ಸರಿಗೆ ತಿರುಗಲು ಸಾಮಾನ್ಯವಾಗಿ 15–20 ವರ್ಷ ಹಿಡಿಯುತ್ತದೆ. ಇಷ್ಟು ಧಾರಾಳವಾಗಿ ವಾಯಿದೆ ಕೊಡುವ ಶತ್ರು ಅಪರೂಪ.

ಆ ವಾಯಿದೆಯೊಳಗೆ ಜೀವಕೋಶಗಳನ್ನು ನೋಡಿ ಅಪಾಯವನ್ನು ಗುರುತಿಸುವ ದಾರಿಯನ್ನು ತೋರಿದವರು, ಗ್ರೀಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಜಾರ್ಜ್ ಪಾಪಾನಿಕೊಲಾವ್. 1928ರಲ್ಲಿ ಅವರು ಹೇಳಿದ್ದನ್ನು ಹೆಚ್ಚು ಮಂದಿ ಕಿವಿಗೆ ಹಾಕಿಕೊಳ್ಳಲಿಲ್ಲ. 1943ರಲ್ಲಿ ಅವರ ಗ್ರಂಥ ಹೊರಬಂದ ಮೇಲೆ ‘ಪ್ಯಾಪ್’ ಪರೀಕ್ಷೆ ಹಬ್ಬಿತು. ಅವರ ಪ್ರಯೋಗಗಳಿಗೆ ವರ್ಷಾನುಗಟ್ಟಲೆ ತಮ್ಮ ಮೈಯ ಜೀವಕೋಶಗಳನ್ನೇ ಒದಗಿಸಿದವರು ಹೆಂಡತಿ ಆಂಡ್ರೊಮಾಕಿ. ಪರೀಕ್ಷೆಗೆ ಗಂಡನ ಹೆಸರು ನಿಂತಿತು. ನನಗೆ ಮಾತ್ರ ಆ ಮೇಜಿನ ಮೇಲೆ ಮಲಗಿದಾಗಲೆಲ್ಲ ನೆನಪಾಗುವವರು ಆಕೆಯೇ.

ನನ್ನಲ್ಲಿದ್ದುದು 16 ಅಲ್ಲ, 18 ಅಲ್ಲ; ಅಪಾಯದ ಪಟ್ಟಿಯಲ್ಲೇ ಇರುವ ಇನ್ನೊಂದು. ಜೀವಕೋಶಗಳು ಸರಿಯಾಗಿದ್ದುವು. “ವರ್ಷ ಬಿಟ್ಟು ಬನ್ನಿ” ಎಂದರು ಡಾಕ್ಟರು. ಔಷಧಿ? ವೈರಾಣುವಿಗೆ ಔಷಧಿ ಇಲ್ಲ. ಪಥ್ಯ, ಕಷಾಯ, ಮಾತ್ರೆ ಏನನ್ನಾದರೂ ಮಾಡುತ್ತಿದ್ದರೆ ಮನಸ್ಸಿಗೆ ಸಮಾಧಾನ. ಏನೂ ಮಾಡದೆ ಒಂದು ತಾರೀಖನ್ನು ಮಾತ್ರ ನೆನಪಿಡುವುದು ಎಷ್ಟು ಕಷ್ಟವೆಂಬುದು ಆ ವರ್ಷ ಅರ್ಥವಾಯಿತು. ನೋವಿಲ್ಲ, ಜ್ವರವಿಲ್ಲ, ಶಾಲೆಯ ಪರೀಕ್ಷೆಗಳು, ಮನೆಯ ಹಬ್ಬಗಳು, ತಾರೀಖನ್ನು ಮುಂದೂಡಲು ನೆಪಗಳಿಗೆ ಬರವೆ?

ಎರಡನೆಯ ವರ್ಷವೂ ವೈರಾಣು ಇತ್ತು. ಆಗ ಗರ್ಭಕಂಠವನ್ನು ಹಿಗ್ಗಿಸಿ ತೋರುವ ಕಾಲ್ಪಾಸ್ಕೋಪಿನಲ್ಲಿ ನೋಡಿ, ಸಾಸುವೆಯಷ್ಟು ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಬದಲಾವಣೆ ಇತ್ತು, ಸೌಮ್ಯವಾದದ್ದು. ಬಹುಮಟ್ಟಿಗೆ ತಾನಾಗಿಯೇ ಸರಿಹೋಗುವಂಥದು. ಹೆಚ್ಚಿದರೂ ಆ ಭಾಗವನ್ನಷ್ಟೇ ತೆಗೆದು ಗರ್ಭಕೋಶವನ್ನು ಉಳಿಸಬಹುದೆಂದರು.

ಮತ್ತೆ ಒಂದು ವರ್ಷದ ವಾಯಿದೆ. ಈ ಸಲ ನಾದಿನಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ 42, ಇಂಥ ಪರೀಕ್ಷೆಗೆ ಒಮ್ಮೆಯೂ ಹೋದವಳಲ್ಲ. 35ರೊಳಗೆ ಒಮ್ಮೆ, 45ರೊಳಗೆ ಮತ್ತೊಮ್ಮೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇಟ್ಟುಕೊಂಡ ಗುರಿ ಎಂದಾಗ, “ನನಗೇನಾಗಿದೆ ಅತ್ತಿಗೆ?” ಎಂದಳು. ಆಷಾಢದಲ್ಲಿ ಇಬ್ಬರಿಗೂ ಒಂದೇ ದಿನಕ್ಕೆ ಹೆಸರು ಬರೆಸಿದ್ದೇನೆ.