ಪೈಲಟ್ ಇಳಿದ, ಬೆಲೆ ಏರಿತು

ಪಣಂಬೂರು ಕಡಲತೀರದ ಮರಳಲ್ಲಿ ಕೂತು ಮೊಬೈಲಿನಲ್ಲಿ ಭಾಗಾಕಾರ ಮಾಡಿದೆ. ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಮಾಡಿದೆ. ಅದೇ ಉತ್ತರ ಮಾರಾಯ್ರೆ!

ಬೆಂಗಳೂರಿನ ಎಚ್‌ಎಎಲ್ ಕಟ್ಟುವ ತೇಜಸ್ ಯುದ್ಧವಿಮಾನ ಉಂಟಲ್ಲ? 2021ರ ಫೆಬ್ರವರಿಯಲ್ಲಿ, ಯಲಹಂಕದ ಏರೋ ಇಂಡಿಯಾದಲ್ಲಿ 83 ತೇಜಸ್‌ಗೆ ಒಪ್ಪಂದವಾಯಿತು, ಸುಮಾರು 48,000 ಕೋಟಿ ರೂಪಾಯಿಗೆ. ಒಂದಕ್ಕೆ 580 ಕೋಟಿಯ ಹತ್ತಿರ. 2024ರ ಅಕ್ಟೋಬರಿನಲ್ಲಿ ಅಮೆರಿಕದ 31 ಎಂಕ್ಯೂ-9ಬಿ ಡ್ರೋನ್‌ಗಳಿಗೆ ಸಹಿ ಬಿತ್ತು, ಸುಮಾರು 32,000 ಕೋಟಿಗೆ. ಒಂದಕ್ಕೆ ಸಾವಿರ ಕೋಟಿ ದಾಟಿತು! ಶಬ್ದವನ್ನೇ ಹಿಂದಿಕ್ಕುವ, ಜೀವಂತ ಪೈಲಟ್ ಕೂತ ಜೆಟ್ ಅಗ್ಗ. ಬಾಲದಲ್ಲಿ ಪ್ರೊಪೆಲ್ಲರ್ ತಿರುಗಿಸುತ್ತಾ ನಿಧಾನಕ್ಕೆ ಸಾಗುವ, ಒಳಗೆ ಜನವೇ ಇಲ್ಲದ ವಿಮಾನ ದುಬಾರಿ!

ಒಡಲಿಗೆ ಒಡಲನ್ನೇ ತೂಗಿದ ಲೆಕ್ಕ ಇದಲ್ಲ, ಖಂಡಿತ. ಡ್ರೋನ್ ಮೊತ್ತದೊಳಗೆ ಭಾರತದಲ್ಲೇ ದುರಸ್ತಿ, ನಿರ್ವಹಣೆಯ ವ್ಯವಸ್ಥೆಯೂ ಸೇರಿದೆ. 2024ರ ಫೆಬ್ರವರಿಯಲ್ಲಿ ಅಮೆರಿಕ ಒಪ್ಪಿದ ಮಾರಾಟದ ಪಟ್ಟಿ ಬಿಡಿಸಿದರೆ ಕಣ್ಣರಳುತ್ತದೆ: ವಿಮಾನಗಳ ಜೊತೆಗೆ 170 ಹೆಲ್‌ಫೈರ್ ಕ್ಷಿಪಣಿ, 310 ಬಾಂಬ್, ನೆಲದ ನಿಯಂತ್ರಣ ಕೇಂದ್ರಗಳು, ರಾಡಾರ್, ಉಪಗ್ರಹ ಸಂಪರ್ಕದ ಸಲಕರಣೆ.

ನನ್ನನ್ನು ಬೆರಗಾಗಿಸಿದ್ದು ಅದೇ ಪಟ್ಟಿ. ಪೈಲಟ್‌ನನ್ನು ಕೆಳಗಿಳಿಸಿದರೆ ಆಪತ್ತಿನಲ್ಲಿ ಅವನನ್ನು ಹೊರಗೆ ಚಿಮ್ಮಿಸುವ ಆಸನ ಬೇಡ, ಉಸಿರಿಗೆ ಆಮ್ಲಜನಕ ಬೇಡ, ಗಾಜಿನ ಮುಚ್ಚಳವೂ ಬೇಡ. ಅಷ್ಟೆಲ್ಲ ಖರ್ಚು ಉಳಿಯಿತು! ಆದರೆ ಅವನ ಕಣ್ಣಿನ ಜಾಗಕ್ಕೆ ಕ್ಯಾಮೆರಾ ಬೇಕು, ಅವನ ಕೈ ಅಲ್ಲಿಗೆ ತಲುಪಲು ಆಕಾಶದಲ್ಲೊಂದು ಉಪಗ್ರಹ ಬೇಕು, ಅವನಿಗೇ ಕೂರಲು ನೆಲದಲ್ಲೊಂದು ಕೋಣೆ ಬೇಕು, ಪಕ್ಕದಲ್ಲಿ ಕ್ಯಾಮೆರಾ ನೋಡಿಕೊಳ್ಳಲು ಇನ್ನೊಬ್ಬ ಬೇಕು. ಕಾಕ್‌ಪಿಟ್ ಮಾಯವಾಗಲೇ ಇಲ್ಲ, ನೆಲಕ್ಕೆ ಬಂತು!

ಮತ್ತೆ ಡ್ರೋನಿನ ಆ ರೆಕ್ಕೆ! ತೇಜಸ್‌ನದು ತುದಿಯಿಂದ ತುದಿಗೆ 8.2 ಮೀಟರ್, ಇದರದ್ದು 24. ಆ ಉದ್ದ ರೆಕ್ಕೆಯ ಬಲದಲ್ಲಿ 40 ಗಂಟೆಗೂ ಹೆಚ್ಚು ಹಾರಬಲ್ಲದು. 31ರಲ್ಲಿ 15 ನೌಕಾಪಡೆಗೆ, ಅಂದರೆ ನನ್ನೆದುರಿನಂಥ ಕಡಲಿಗೆ. ಸೋಮವಾರ ನಸುಕಿಗೆ ಏರಿದ್ದು ಮಂಗಳವಾರ ರಾತ್ರಿ ಊಟದ ಹೊತ್ತಿಗೂ ಮೇಲೆಯೇ ಇರಬಹುದು. ಅಷ್ಟರಲ್ಲಿ ಅದರ ಮೊದಲ ಪಾಳಿಯ ಪೈಲಟ್ ಮನೆಗೆ ಹೋಗಿ, ಉಂಡು, ಮಲಗಿ, ಎದ್ದು, ಮತ್ತೆ ಅದೇ ಕುರ್ಚಿಗೆ ಬಂದು ಕೂತಿರುತ್ತಾನೆ.